ಟ್ಯೂನಾ ನೆನೆಸುವುದು, ಮೂಲಂಗಿ ತುರಿಯುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೋಯಾ ಸಾಸ್‌ನಲ್ಲಿ ನೆನೆಸಿದ ಟ್ಯೂನಾ ಮೀನಿಗೆ ಜಪಾನಿನಲ್ಲಿ ‘ಝುಕೆ’ ಅನ್ನುತ್ತಾರೆ. ಅದರ ಪಕ್ಕಕ್ಕೆ ‘ದೈಕಾನ್’ ಎಂಬ ಉದ್ದನೆಯ ಬಿಳಿ ಮೂಲಂಗಿಯನ್ನು ತುರಿದೋ, ಸಣ್ಣ ಎಳೆಗಳಾಗಿ ಹೆಚ್ಚಿಯೋ, ಉಪ್ಪು ಹಾಕಿ ಹಿಂಡಿಯೋ ಇಡುವುದುಂಟು. ಕಳೆದ ಸಂಚಿಕೆಯಲ್ಲಿ ಇದರ ವಿಧಾನವನ್ನು ಚುಟುಕಾಗಿ ಕೊಟ್ಟಿದ್ದೆವು. ಬಂದ ಪತ್ರಗಳನ್ನು ಓದಿದಾಗ, ಕೆಟ್ಟುಹೋದ ಅಡುಗೆಗಳಲ್ಲಿ ಹೆಚ್ಚಿನವಕ್ಕೆ ಎರಡೇ ಕಾರಣ ಕಂಡವು: ಮೀನು ರಸದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತಿದೆ, ಇಲ್ಲವೇ ಎಲ್ಲಿಂದಲೋ ನೀರು ಸೇರಿಕೊಂಡಿದೆ. ಕೆಳಗಿನ ಅಳತೆಗಳಲ್ಲಿ ದೊಡ್ಡ ಚಮಚ ಅಂದರೆ 15 ಎಂ.ಎಲ್., ಸಣ್ಣ ಚಮಚ ಅಂದರೆ 5 ಎಂ.ಎಲ್.

ಪ್ರಶ್ನೆ: ಟ್ಯೂನಾ ಹೋಳುಗಳನ್ನು ರಾತ್ರಿಯಿಡೀ ಸೋಯಾ ಸಾಸ್‌ನಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕಪ್ಪಗಾಗಿ, ಚರ್ಮದ ಹಾಗೆ ಗಟ್ಟಿಯಾಗಿತ್ತು. ಬಾಯಿಗಿಡಲಾಗದಷ್ಟು ಉಪ್ಪು ಬೇರೆ. ಕೋಳಿಯನ್ನು ಹೀಗೇ ನೆನೆಸಿದರೆ ಚೆನ್ನಾಗಿರುತ್ತದಲ್ಲ, ಮೀನಿಗೇಕೆ ಹೀಗಾಯಿತು?

ಉತ್ತರ: ಮಾಮೂಲಿ ಜಪಾನಿ ಸೋಯಾ ಸಾಸ್‌ನಲ್ಲಿ ಸುಮಾರು ಶೇಕಡಾ 16ರಷ್ಟು ಉಪ್ಪಿರುತ್ತದೆ. ಬಣ್ಣ ತಿಳಿಯಾಗಿರುವ ‘ಉಸುಕುಚಿ’ ಬಗೆಯಲ್ಲಿ ಉಪ್ಪು ಇನ್ನೂ ಹೆಚ್ಚು. ತಿಳಿಬಣ್ಣ ನೋಡಿ ಸಪ್ಪೆ ಇರಬೇಕೆಂದು ಧಾರಾಳವಾಗಿ ಸುರಿಯುವವರಿದ್ದಾರೆ. ಇಷ್ಟು ಉಪ್ಪಿನ ರಸದಲ್ಲಿ ಕೂತ ಮೀನು ಒಳಗಿನ ನೀರನ್ನು ಹೊರಗೆ ಬಿಡುತ್ತದೆ, ಅದರ ಪ್ರೋಟೀನು ಬಿಗಿದುಕೊಳ್ಳುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಇದರಿಂದ ಲಾಭವೇ: ಮೇಲ್ಮೈಯ ಬಣ್ಣ ಗಾಢವಾಗಿ, ಒಂದು ಬಗೆಯ ಹೊಳಪು ಬಂದು, ನಾಲಿಗೆಗೆ ತುಸು ಅಂಟುವಂತಾಗುತ್ತದೆ. ನಮಗೆ ಬೇಕಾದದ್ದು ಆ ಹದ. ಅಲ್ಲಿಂದ ಮುಂದೆ ಹೋದಂತೆಲ್ಲ ಮೀನು ಗಟ್ಟಿಯಾಗುತ್ತದೆಯೇ ಹೊರತು ರುಚಿ ಹೆಚ್ಚುವುದಿಲ್ಲ. ಕೋಳಿಯದು ದೊಡ್ಡ ತುಂಡು, ಅದು ಒಲೆಗೂ ಹೋಗುತ್ತದೆ. ಇಲ್ಲಿ ಬೆರಳಗಲದ ಹಸಿ ಹೋಳು, ಉಪ್ಪು ಅದರ ನಡುಮಧ್ಯಕ್ಕೆ ಬೇಗ ತಲುಪುತ್ತದೆ.

300 ಗ್ರಾಂ ಮೀನಿಗೆ ಅಳತೆ ಹೀಗೆ: ಸೋಯಾ ಸಾಸ್ 3 ದೊಡ್ಡ ಚಮಚ, ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿಮದ್ಯ) ಒಂದೂವರೆ, ಸಾಕೆ (ಅಕ್ಕಿಮದ್ಯ) ಒಂದೂವರೆ. ಅಂದರೆ ಎರಡಕ್ಕೆ ಒಂದು, ಒಂದು. ಮಿರಿನ್ ಮತ್ತು ಸಾಕೆಯನ್ನು ಮೊದಲು ಸಣ್ಣ ಪಾತ್ರೆಯಲ್ಲಿ ಒಂದು ನಿಮಿಷ ಕುದಿಸಿ. ಎರಡರಲ್ಲೂ ಆಲ್ಕೋಹಾಲ್ ಇರುವುದರಿಂದ ಗ್ಯಾಸಿನ ಉರಿ ಪಾತ್ರೆಯ ಅಂಚು ದಾಟಿ ಮೇಲೆ ಬರದಂತೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಆವಿಗೆ ಬೆಂಕಿ ಹತ್ತಬಹುದು. ಒಲೆ ಆರಿಸಿದ ಮೇಲೆ ಸೋಯಾ ಸೇರಿಸಿ. ಸೋಯಾವನ್ನು ಕುದಿಸಿದರೆ ಅದರ ಪರಿಮಳ ಹಾರಿಹೋಗುತ್ತದೆ. ಈ ರಸ ಪೂರ್ತಿ ಆರಿ, ಫ್ರಿಜ್‌ನಲ್ಲಿ ತಣ್ಣಗಾಗಲೇಬೇಕು. ಉಗುರುಬೆಚ್ಚಗಿನ ರಸಕ್ಕೆ ಹಸಿ ಮೀನು ಹಾಕಿದರೆ ಅಂಚು ಬೆಳ್ಳಗಾಗುತ್ತದೆ, ಮೀನು ಕೆಡುವುದಕ್ಕೂ ದಾರಿಯಾಗುತ್ತದೆ.

ಮೀನಿನ ತೇವವನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆದು, ನಾರಿಗೆ ಅಡ್ಡಲಾಗಿ 7–8 ಮಿ.ಮೀ. ದಪ್ಪದ ಹೋಳು ಮಾಡಿ. ಮೀನಿನ ಮೇಲೆ ಕಾಣುವ ಬಿಳಿ ಗೆರೆಗಳೇ ನಾರಿನ ದಿಕ್ಕು ಹೇಳುತ್ತವೆ. ಚಾಕು ಅವನ್ನು ಅಡ್ಡ ಕತ್ತರಿಸಬೇಕು. ಅಗಲ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ರಸ ಸುರಿದು, ಮೇಲೆ ಒಂದು ಟಿಶ್ಯೂ ಹಾಸಿ. ಕಾಗದ ರಸ ಹೀರಿಕೊಂಡು ಮೀನಿನ ಮೈಗೆ ಅಂಟಿ ಕೂರುತ್ತದೆ, ಹಾಗಾಗಿ ಸ್ವಲ್ಪ ರಸದಲ್ಲೇ ಎಲ್ಲ ಹೋಳೂ ಸಮನಾಗಿ ನೆನೆಯುತ್ತವೆ, ಮಗುಚಿ ಹಾಕುವ ಕೆಲಸವೂ ತಪ್ಪುತ್ತದೆ. ಹೋಳಿಗೆ 10ರಿಂದ 15 ನಿಮಿಷ, 2 ಸೆಂ.ಮೀ. ಚೌಕಕ್ಕೆ 15ರಿಂದ 20 ನಿಮಿಷ, ಎಲ್ಲವೂ ಫ್ರಿಜ್‌ನೊಳಗೆ. ಆಮೇಲೆ ರಸದಿಂದ ಎತ್ತಿ, ಒರೆಸಿಡಿ. ಇದನ್ನು ಮರೆಯಬೇಡಿ: ತಟ್ಟೆಗೆ ಬಂದ ಮೇಲೂ ಮೀನಿನ ಮೈಮೇಲೆ ರಸ ಉಳಿದಿದ್ದರೆ ನೆನೆಯುವುದು ನಿಲ್ಲುವುದಿಲ್ಲ.

ಈಗಾಗಲೇ ಉಪ್ಪಾದ ಮೀನನ್ನು ನೀರಲ್ಲಿ ನೆನೆಸಿ ಸರಿಮಾಡಲು ಹೋಗಬೇಡಿ, ಇದ್ದ ರುಚಿಯೂ ಹೋಗುತ್ತದೆ. ಮೀನು ಫ್ರಿಜ್‌ನಲ್ಲೇ ಇದ್ದು, ವಾಸನೆ ಸರಿಯಾಗಿದ್ದರೆ ಸಣ್ಣಗೆ ಹೆಚ್ಚಿ ಉಪ್ಪಿಲ್ಲದ ಬಿಸಿ ಅನ್ನದ ಮೇಲಿಟ್ಟು, ಕುದಿಯುವ ಉಪ್ಪಿಲ್ಲದ ‘ದಶಿ’ (ಕಡಲಪಾಚಿ, ಒಣಮೀನಿನ ತಿಳಿ) ಸಾರನ್ನೋ ಬಿಸಿ ಗ್ರೀನ್ ಟೀಯನ್ನೋ ಸುರಿದುಕೊಳ್ಳಿ. ಉಪ್ಪು ಬಟ್ಟಲಿಗೆಲ್ಲ ಹಂಚಿಹೋಗುತ್ತದೆ, ಗಟ್ಟಿತನವೂ ಅಷ್ಟಾಗಿ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಸಾಕೆ, ಮಿರಿನ್ ಬಳಸುವುದಿಲ್ಲ. ಬದಲಿಗೆ ಏನು ಹಾಕಬಹುದು?

ಉತ್ತರ: ಸೋಯಾ ಸಾಸ್ 3 ದೊಡ್ಡ ಚಮಚ, ತಣ್ಣೀರು ಅಥವಾ ಕೊಂಬು ಕಡಲಪಾಚಿ ನೆನೆಸಿದ ನೀರು 2 ದೊಡ್ಡ ಚಮಚ, ಸಕ್ಕರೆ ಒಂದೂವರೆ ಸಣ್ಣ ಚಮಚ. ಸಕ್ಕರೆ ಕರಗುವವರೆಗೆ ಕಲಕಿದರೆ ಆಯಿತು, ಒಲೆಯೇ ಬೇಡ. ಮಿರಿನ್‌ನಿಂದ ಬರುವ ಹೊಳಪು ತುಸು ಕಡಿಮೆಯಾಗುತ್ತದೆ, ರುಚಿಗೆ ಕೊರತೆಯಿಲ್ಲ. ನೀರು ಬೆರೆಸುವುದನ್ನು ಮಾತ್ರ ಬಿಡಬೇಡಿ. ಬರೀ ಸೋಯಾದಲ್ಲಿ ನೆನೆಸಿದರೆ ಹದ ತಪ್ಪುವುದು ಬಹಳ ಬೇಗ. ಗೋಧಿ ಒಗ್ಗದವರು ‘ತಮಾರಿ’ ಬಗೆಯ ಸೋಯಾ ನೋಡಬಹುದು. ಅದನ್ನು ಹೆಚ್ಚಾಗಿ ಗೋಧಿಯಿಲ್ಲದೆ ಮಾಡುತ್ತಾರೆ, ಆದರೆ ಎಲ್ಲ ಬ್ರಾಂಡಿನಲ್ಲೂ ಹಾಗಿಲ್ಲ. ಲೇಬಲ್ ಓದಿಯೇ ಕೊಳ್ಳಿ.

ಪ್ರಶ್ನೆ: ಹಸಿ ಟ್ಯೂನಾ ತಿನ್ನುವುದು ಎಷ್ಟು ಸುರಕ್ಷಿತ? ‘ಸುಶಿ ಗ್ರೇಡ್’ ಅಂತ ಬರೆದಿದ್ದರೆ ಸಾಕೇ? ಸೋಯಾದ ಉಪ್ಪು ಕ್ರಿಮಿಗಳನ್ನು ಕೊಲ್ಲುವುದಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಹದಿನೈದು ನಿಮಿಷ ಸೋಯಾದಲ್ಲಿಟ್ಟರೆ ಮೀನು ಸುರಕ್ಷಿತವಾಗುವುದಿಲ್ಲ, ನಿಂಬೆರಸ ಹಿಂಡಿದರೂ ಆಗುವುದಿಲ್ಲ. ‘ಸುಶಿ ಗ್ರೇಡ್’ ಅನ್ನುವುದು ಮಾರುವವರ ಮಾತು. ಅಮೆರಿಕದಂಥ ದೇಶದಲ್ಲೂ ಅದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ. ಹಾಗಾಗಿ ಲೇಬಲ್ ನೋಡಿ ಸುಮ್ಮನಾಗದೆ, ಮೀನನ್ನು ಹಿಡಿದಾಗಿನಿಂದ ಎಷ್ಟು ತಣ್ಣಗೆ ಇಟ್ಟಿದ್ದರು, ಹಸಿ ತಿನ್ನಲೆಂದೇ ಫ್ರೀಜ್ ಮಾಡಿದ್ದೇ ಎಂದು ಕೇಳಿ. ತಣ್ಣಗೆ ಇಟ್ಟಿದ್ದರೆಂಬ ಖಾತ್ರಿ ಇಲ್ಲದಿದ್ದರೆ ಆ ಮೀನನ್ನು ಕೊಳ್ಳಲೇಬೇಡಿ; ಫ್ರೀಜ್ ಮಾಡಿದ್ದರ ಬಗ್ಗೆ ಮಾತ್ರ ಉತ್ತರ ಸಿಗದಿದ್ದರೆ ಬೇಯಿಸಿ ತಿನ್ನಿ.

ಅಪಾಯಗಳು ಒಂದೇ ಬಗೆಯವಲ್ಲ. ಪರಾವಲಂಬಿ ಹುಳುಗಳಿಗೆ, ಮುಖ್ಯವಾಗಿ ಅನಿಸಾಕಿಸ್‌ಗೆ, ಮದ್ದು ಫ್ರೀಜರ್. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಕಲ್ಲಾಗಿಸಿ ಅದೇ ಉಷ್ಣಾಂಶದಲ್ಲಿ 15 ಗಂಟೆ ಇಡಬೇಕು ಎನ್ನುವುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಳತೆ. ಯೆಲ್ಲೋಫಿನ್, ಬ್ಲೂಫಿನ್, ಬಿಗ್‌ಐ, ಆಲ್ಬಕೋರ್‌ನಂಥ ದೊಡ್ಡ ಟ್ಯೂನಾಗಳಲ್ಲಿ ಈ ಹುಳು ಅಪರೂಪವಾದ್ದರಿಂದ ಅಲ್ಲಿನ ನಿಯಮ ಅವಕ್ಕೆ ವಿನಾಯಿತಿ ಕೊಟ್ಟಿದೆ. ಸ್ಕಿಪ್‌ಜಾಕ್ ಎಂಬ ಸಣ್ಣ ಟ್ಯೂನಾ ಆ ಪಟ್ಟಿಯಲ್ಲಿಲ್ಲ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಅದನ್ನು ಈ ಕೆಲಸಕ್ಕೆ ನಂಬಬೇಡಿ.

ಟ್ಯೂನಾದಲ್ಲಿ ಹುಳುವಿಗಿಂತ ಹೆಚ್ಚು ಹೆದರಬೇಕಾದದ್ದು ಹಿಸ್ಟಮಿನ್ ಎಂಬ ರಾಸಾಯನಿಕಕ್ಕೆ. ಮೀನು ಬೆಚ್ಚಗಿದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಫ್ರೀಜ್ ಮಾಡಿದರೂ ಹೋಗದು, ಬೇಯಿಸಿದರೂ ಹೋಗದು, ಡಬ್ಬಿಗೆ ತುಂಬಿದರೂ ಹೋಗದು. ಮೀನು ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತಲೆನೋವು, ತುರಿಕೆ ಶುರುವಾಗುತ್ತದೆ. ತುಂಡು ಬಾಯಿಗಿಟ್ಟಾಗ ಮೆಣಸಿನ ಹಾಗೆ ಚುರುಗುಟ್ಟಿದರೆ, ನಾಲಿಗೆ ಜುಮ್ಮೆಂದರೆ, ಆ ತುಂಡನ್ನು ಉಗಿದುಬಿಡಿ, ಉಳಿದದ್ದನ್ನೂ ಎಸೆಯಿರಿ. ದುಬಾರಿ ಮೀನೆಂದು ಇನ್ನೊಂದು ತುಂಡು ತಿಂದು ನೋಡಬೇಡಿ. ಇದಕ್ಕೆ ಇರುವ ರಕ್ಷಣೆ ಒಂದೇ: ಮೊದಲಿನಿಂದ ಕೊನೆಯವರೆಗೆ 4 ಡಿಗ್ರಿಯೊಳಗೆ ಇಡುವುದು. ಕೊಂಡು ತರುವಾಗ ಮಂಜುಗಡ್ಡೆ, ಹೆಚ್ಚುವಾಗ ತಣ್ಣನೆಯ ಹಲಗೆ, ನೆನೆಸುವಾಗ ಫ್ರಿಜ್.

ಪ್ರಶ್ನೆ: ಗರ್ಭಿಣಿಯರು, ಮಕ್ಕಳು ಇದನ್ನು ತಿನ್ನಬಹುದೇ?

ಉತ್ತರ: ಹಸಿಯಾಗಿ ಬೇಡವೇ ಬೇಡ. ಪೂರ್ತಿ ಬೇಯಿಸಿದರೂ ಪಾದರಸದ ಲೆಕ್ಕ ಉಳಿಯುತ್ತದೆ. ಅದು ಬೇಯಿಸಿದರೆ ಹೋಗುವಂಥದ್ದಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆಯಂತೆ ಗರ್ಭಿಣಿಯರು ಮತ್ತು ಮಕ್ಕಳು ಬಿಗ್‌ಐ ಟ್ಯೂನಾ ಬಿಟ್ಟುಬಿಡಬೇಕು. ಆಲ್ಬಕೋರ್ ಮತ್ತು ಯೆಲ್ಲೋಫಿನ್ ವಾರಕ್ಕೆ ಒಂದು ಸಲ. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 113 ಗ್ರಾಂ, ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಅದಕ್ಕಿಂತ ಕಡಿಮೆ. ಡಬ್ಬಿಯಲ್ಲಿ ಬರುವ ‘ಲೈಟ್’ ಟ್ಯೂನಾದಲ್ಲಿ ಪಾದರಸ ಇವಕ್ಕಿಂತ ಕಡಿಮೆ.

ಪ್ರಶ್ನೆ: ಫ್ರೀಜ್ ಮಾಡಿದ ಟ್ಯೂನಾ ಕಟ್ಟಿಯನ್ನು (ಇಟ್ಟಿಗೆಯಾಕಾರದ ದೊಡ್ಡ ತುಂಡನ್ನು) ಕವರ್ ಸಮೇತ ಫ್ರಿಜ್‌ನಲ್ಲಿಟ್ಟು ಕರಗಿಸಿದೆ. ಕೆಂಪು ನೀರು ತುಂಬಿಕೊಂಡು, ಮೀನು ಕಂದುಬಣ್ಣಕ್ಕೆ ತಿರುಗಿತ್ತು. ಎಲ್ಲಿ ತಪ್ಪಾಯಿತು?

ಉತ್ತರ: ಕಂದುಬಣ್ಣಕ್ಕೆ ಕಾರಣ ಮೀನಿನ ಕೆಂಪು ಪದಾರ್ಥವಾದ ಮಯೋಗ್ಲೋಬಿನ್ ಗಾಳಿಯ ಆಮ್ಲಜನಕದಿಂದ ಬದಲಾಗುವುದು. ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗಿನ ಉಷ್ಣಾಂಶದಲ್ಲಿ ಇದು ವಿಶೇಷವಾಗಿ ಬೇಗ ನಡೆಯುತ್ತದೆ. ಅದಕ್ಕೇ ಮೀನುಗಾರಿಕೆ ಹಡಗುಗಳಲ್ಲಿ, ಶೈತ್ಯಾಗಾರಗಳಲ್ಲಿ ಹಸಿ ತಿನ್ನುವ ಟ್ಯೂನಾವನ್ನು ಮೈನಸ್ 60ರ ಸುಮಾರಿಗೆ ಇಡುತ್ತಾರೆ. ಕರಗುವಾಗ ಮೀನು ಆ ಕೆಟ್ಟ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲದಂತೆ ದಾಟಿಸಬೇಕು.

ಒಂದು ಲೀಟರ್ ನೀರನ್ನು 40 ಡಿಗ್ರಿಗೆ ಬಿಸಿ ಮಾಡಿ. ಕೈಗೆ ಹಿತವಾದ ಬಿಸಿ ಅಷ್ಟೇ. ಅದಕ್ಕೆ 30ರಿಂದ 40 ಗ್ರಾಂ ಉಪ್ಪು ಹಾಕಿ ಕರಗಿಸಿ. ಕಟ್ಟಿಯನ್ನು ಕವರಿನಿಂದ ತೆಗೆದು ಒಂದರಿಂದ ಎರಡು ನಿಮಿಷ ಮುಳುಗಿಸಿ, ಕಟ್ಟಿಯನ್ನು ಗರಗಸದಿಂದ ಕೊಯ್ದಾಗ ಅಂಟಿದ ಪುಡಿ, ಕೊಳೆ ಇದ್ದರೆ ಬೆರಳಲ್ಲಿ ಉಜ್ಜಿ ತೆಗೆಯಿರಿ. ಹೊರಮೈ ಮೆತ್ತಗಾಗಿ ನಡುಭಾಗ ಇನ್ನೂ ಕಲ್ಲಾಗಿರುವಾಗಲೇ ಹೊರತೆಗೆದು, ತಣ್ಣೀರಲ್ಲಿ ಒಮ್ಮೆ ಅದ್ದಿ, ಚೆನ್ನಾಗಿ ಒರೆಸಿ. ಒಣ ಟಿಶ್ಯೂ ಸುತ್ತಿ ಫ್ರಿಜ್‌ನಲ್ಲಿಟ್ಟರೆ 300 ಗ್ರಾಂ ಕಟ್ಟಿ ಎರಡು ಮೂರು ಗಂಟೆಯಲ್ಲಿ ಹದಕ್ಕೆ ಬರುತ್ತದೆ. ಕಾಗದ ಒದ್ದೆಯಾದರೆ ಬದಲಾಯಿಸಿ. ಉಪ್ಪಿಲ್ಲದ ನೀರಲ್ಲಿ ಮುಳುಗಿಸಿಟ್ಟರೆ ಮೀನಿನ ಮೈ ನೀರು ಕುಡಿದು ಬಿಳಿಚಿಕೊಳ್ಳುತ್ತದೆ. ನಡುಭಾಗ ತುಸು ಬಿಗಿಯಾಗಿರುವಾಗಲೇ ಹೋಳು ಮಾಡಿದರೆ ಅಂಚು ನೇರವಾಗಿ ಬರುತ್ತದೆ. ಪೂರ್ತಿ ಕರಗಿದ ಟ್ಯೂನಾ ಚಾಕುವಿನಡಿ ಜಾರುತ್ತದೆ, ಹರಿಯುತ್ತದೆ.

ಗಾಳಿ ತೆಗೆದು ಮುಚ್ಚಿದ ಕವರಿನಲ್ಲೇ ಮೀನು ಕರಗಿಸುವುದು ಬಣ್ಣದ ಮಾತಷ್ಟೇ ಅಲ್ಲ. ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಬ್ಯಾಕ್ಟೀರಿಯಾದ ಒಂದು ಬಗೆ 3–4 ಡಿಗ್ರಿಯಲ್ಲೂ ಬೆಳೆಯಬಲ್ಲದು, ಅಂದರೆ ಫ್ರಿಜ್‌ನೊಳಗೇ. ಆದ್ದರಿಂದ ಕವರ್ ಕತ್ತರಿಸಿ ತೆಗೆದ ಮೇಲೆಯೇ ಕರಗಿಸಿ.

ಇನ್ನೊಂದು ಮಾತು. ಕಲ್ಲಂಗಡಿ ತಿರುಳಿನಂಥ ಹೊಳೆಯುವ ಗುಲಾಬಿ ಬಣ್ಣದ ಟ್ಯೂನಾ ಕಂಡರೆ ಅದು ತಾಜಾ ಎಂದೇ ತಿಳಿಯಬೇಡಿ. ಕೆಲವು ಕಡೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿ ಆ ಬಣ್ಣ ನಿಲ್ಲಿಸುತ್ತಾರೆ. ಅಂಥ ಮೀನು ಹಳತಾದರೂ ಬಣ್ಣ ಮಾಸುವುದಿಲ್ಲ, ಹಾಗಾಗಿ ಬಣ್ಣ ನೋಡಿ ಏನನ್ನೂ ಹೇಳಲಾಗದು.

ಪ್ರಶ್ನೆ: ನಿಂಬೆರಸ, ಶುಂಠಿ, ಎಳ್ಳೆಣ್ಣೆ ಎಲ್ಲವನ್ನೂ ಸೋಯಾ ಜೊತೆ ಕಲಸಿ ನೆನೆಸಿದೆ. ಮೀನು ಹೊರಗೆ ಬೆಳ್ಳಗಾಗಿ, ಮುಟ್ಟಿದರೆ ಹಿಟ್ಟಿನ ಹಾಗೆ ಉದುರಿತು.

ಉತ್ತರ: ನೀವು ಹಾಕಿದ ಮೂರೂ ಒಳ್ಳೆಯವೇ, ಹಾಕಿದ ಹೊತ್ತು ಸರಿಯಿಲ್ಲ. ನಿಂಬೆ, ಯುಝು (ಜಪಾನಿನ ನಿಂಬೆಜಾತಿಯ ಹಣ್ಣು), ವಿನೆಗರ್‌ನ ಹುಳಿ ಪ್ರೋಟೀನನ್ನು ಒಲೆಯಿಲ್ಲದೆಯೇ ಬೇಯಿಸಿದಂತೆ ಮಾಡಿ ಬಿಳಿಚಿಸುತ್ತದೆ. ಹಸಿ ಶುಂಠಿಯಲ್ಲಿ ಪ್ರೋಟೀನು ಒಡೆಯುವ ಕಿಣ್ವವಿದೆ. ಹೊತ್ತು ಕಳೆದಂತೆ ಮೀನಿನ ಮೈ ಪುಡಿಪುಡಿಯಾಗುತ್ತದೆ. ಎಣ್ಣೆ ಮೊದಲೇ ಬಿದ್ದರೆ ಮೀನಿಗೆ ಪದರ ಕಟ್ಟಿ ಸೋಯಾ ಒಳಗಿಳಿಯಲು ಬಿಡುವುದಿಲ್ಲ. ಸೋಯಾ ರಸದಲ್ಲಿ ನೆನೆಸಿ, ಒರೆಸಿದ ಮೇಲೆ, ಬಡಿಸುವ ಮುನ್ನ 300 ಗ್ರಾಂ ಮೀನಿಗೆ 1 ಸಣ್ಣ ಚಮಚ ಹುರಿದ ಎಳ್ಳಿನ ಎಣ್ಣೆ, ಅರ್ಧ ಸಣ್ಣ ಚಮಚ ಶುಂಠಿ ರಸ ಹಾಕಿ ಕೈಯಾಡಿಸಿ. ಹುಳಿಯನ್ನು ತಟ್ಟೆಯ ಬದಿಯಲ್ಲಿಡಿ, ಅಥವಾ ತುರಿದ ಮೂಲಂಗಿಗೆ ಬೆರೆಸಿ. ಮೂಲಂಗಿ ಹುಳಿಯನ್ನು ಹಿಡಿದಿಟ್ಟುಕೊಂಡು ಬಾಯಿಗೆ ಹೋಗುವಾಗಲಷ್ಟೇ ಮೀನಿಗೆ ತಾಗಿಸುತ್ತದೆ. ಈ ಎರಡರ ಜೋಡಿಯಲ್ಲಿ ನಮಗೆ ತುಂಬ ಇಷ್ಟವಾಗುವ ಗುಣ ಇದು.

ಪ್ರಶ್ನೆ: ತುರಿದ ಮೂಲಂಗಿ ಒಮ್ಮೆ ಸಿಹಿ, ಒಮ್ಮೆ ಮೂಗಿಗೇರುವಷ್ಟು ಖಾರ. ತಟ್ಟೆಯಲ್ಲಿ ನೀರು ಬೇರೆ ಹರಡುತ್ತದೆ. ಹಿಂಡಿದರೆ ಒಣ ಸಿಪ್ಪೆ. ಸರಿಯಾದ ಕ್ರಮ ತಿಳಿಸಿ.

ಉತ್ತರ: ಒಂದೇ ಮೂಲಂಗಿಯೊಳಗೆ ರುಚಿ ಬೇರೆ ಬೇರೆ. ಎಲೆಯ ಕಡೆಯ ಮೇಲ್ಭಾಗ ಸಿಹಿ, ಬುಡದ ತುದಿಗೆ ಹೋದಂತೆ ಖಾರ. ಟ್ಯೂನಾ ಜೊತೆಗೆ ತುರಿಯಲು ಮೇಲಿನ ಮೂರನೇ ಒಂದು ಭಾಗ ತೆಗೆದುಕೊಳ್ಳಿ. ನಡುಭಾಗ ಬೇಯಿಸಲು ಚೆನ್ನ. ತುದಿಯನ್ನು ಉಪ್ಪಿನಕಾಯಿಗೋ, ಖಾರ ಇಷ್ಟಪಡುವವರ ಬಟ್ಟಲಿಗೋ ಇಡಿ.

ಖಾರ ಮೂಲಂಗಿಯೊಳಗೆ ಸಿದ್ಧವಾಗಿ ಇರುವುದಿಲ್ಲ. ತುರಿದಾಗ ಜೀವಕೋಶಗಳು ಒಡೆದು, ಬೇರೆ ಬೇರೆ ಕಡೆ ಇದ್ದ ಗ್ಲುಕೋಸಿನೊಲೇಟ್ ಎಂಬ ಪದಾರ್ಥ ಮತ್ತು ಮೈರೋಸಿನೇಸ್ ಕಿಣ್ವ ಒಂದಾಗಿ ಐಸೋಥಯೋಸಯನೇಟ್ ಹುಟ್ಟುತ್ತದೆ, ಮೂಗಿಗೇರುವುದು ಅದೇ. ನುಣ್ಣಗೆ, ಬಿರುಸಾಗಿ ಉಜ್ಜಿ ತುರಿದಷ್ಟೂ ಕೋಶಗಳು ಹೆಚ್ಚು ಒಡೆದು ಖಾರ ಹೆಚ್ಚು. ಸೌಮ್ಯವಾಗಿ ಬೇಕಾದರೆ ಮೂಲಂಗಿಯ ಕತ್ತರಿಸಿದ ಮುಖವನ್ನು ತುರಿಮಣೆಗೆ ಹಗುರವಾಗಿ ಒತ್ತಿ, ಸುತ್ತು ಸುತ್ತಾಗಿ ನಿಧಾನ ತುರಿಯಿರಿ. ತುರಿದ ಕೆಲವು ನಿಮಿಷಕ್ಕೆ ಖಾರ ಏರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಹಾಗೆಂದು ಬೆಳಿಗ್ಗೆಯೇ ತುರಿದಿಡಬೇಡಿ: ಖಾರದ ಜೊತೆ ಪರಿಮಳವೂ ಹೋಗಿ ಕೊನೆಗೆ ಗಂಧಕದ ಕೆಟ್ಟ ವಾಸನೆ ಉಳಿಯುತ್ತದೆ. ಮೀನು ನೆನೆಯುತ್ತಿರುವ ಹದಿನೈದು ನಿಮಿಷದಲ್ಲೇ ಈ ಕೆಲಸ ಮಾಡಿದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ.

ನೀರಿನ ವಿಷಯ. ಮೂಲಂಗಿಯಲ್ಲಿ ಶೇಕಡಾ 95ರ ಹತ್ತಿರ ನೀರೇ. 200 ಗ್ರಾಂ ತುರಿಯನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ, ಮೂರರಿಂದ ಐದು ನಿಮಿಷ ತಾನಾಗಿ ಇಳಿಯಲು ಬಿಡಿ. ಕೈ ಹಾಕಬೇಡಿ, ಚಮಚದಿಂದ ಒತ್ತಬೇಡಿ. ಹಿಂಡಿದರೆ ಸಿಹಿಯೂ ನೀರಿನ ಜೊತೆ ಹೋಗಿ ನಾರು ಮಾತ್ರ ಉಳಿಯುತ್ತದೆ. ಚಮಚದಲ್ಲಿ ಎತ್ತಿದರೆ ಗುಡ್ಡೆಯಾಗಿ ನಿಲ್ಲಬೇಕು, ಅಲುಗಿಸಿದರೆ ಮೆಲ್ಲಗೆ ಕುಸಿಯಬೇಕು, ಅಷ್ಟು ತೇವ ಸಾಕು. ಇದಕ್ಕೆ ಸೋಯಾ, ಪೊನ್ಝು (ಹುಳಿ ಹಣ್ಣಿನ ರಸ ಬೆರೆಸಿದ ಸೋಯಾ) ಹಾಕುವುದು ಬಡಿಸುವಾಗಲೇ.

ಬಣ್ಣ, ಖಾರ ಎರಡೂ ಬೇಕೆನ್ನುವವರಿಗೆ ‘ಮೊಮಿಜಿ ಒರೋಶಿ’ ಇದೆ. ಮೂಲಂಗಿಯ ಕತ್ತರಿಸಿದ ಮುಖದಲ್ಲಿ ಚಾಪ್‌ಸ್ಟಿಕ್‌ನಿಂದ ಎರಡು ತೂತು ಕೊರೆದು, ಬೀಜ ತೆಗೆದು ನೀರಲ್ಲಿ ಮೆತ್ತಗಾಗಿಸಿದ ಒಣಮೆಣಸಿನಕಾಯಿಯನ್ನು ಅದರೊಳಗೆ ತುರುಕಿ, ಎರಡನ್ನೂ ಒಟ್ಟಿಗೆ ತುರಿಯಬೇಕು. ತುರಿ ತಿಳಿ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಬೆಂಡಾದ ಮೂಲಂಗಿಯಿಂದ ಇದಾವುದೂ ಆಗುವುದಿಲ್ಲ. ಕೊಳ್ಳುವಾಗ ಕೈಯಲ್ಲಿ ಭಾರವಾಗಿ, ಸಿಪ್ಪೆ ಬಿಗಿಯಾಗಿ ಇರುವುದನ್ನು ಆರಿಸಿ.

ಪ್ರಶ್ನೆ: ಸಶಿಮಿ (ಹಸಿ ಮೀನಿನ ಹೋಳು) ಕೆಳಗೆ ಹಾಸುವ ಮೂಲಂಗಿ ಎಳೆಗಳು ನಮ್ಮಲ್ಲಿ ಬೇಗ ಬಾಡುತ್ತವೆ.

ಉತ್ತರ: 5–6 ಸೆಂ.ಮೀ. ಉದ್ದದ ತುಂಡಿನಿಂದ 1 ಮಿ.ಮೀ. ಹಾಳೆಗಳನ್ನು ತೆಗೆದು, ಮೂಲಂಗಿಯ ಉದ್ದದ ದಿಕ್ಕಿನಲ್ಲೇ, ಅಂದರೆ ನಾರಿನ ಜೊತೆಜೊತೆಗೆ ಹೆಚ್ಚಿ. ಆ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ನಾರಿಗೆ ಅಡ್ಡ ಹೆಚ್ಚಿದವು ಮೆತ್ತಗಾಗಿ ಸುರುಳಿಯಾಗುತ್ತವೆ, ಅಲಂಕಾರಕ್ಕೆ ಅವೂ ಚೆಂದವೇ. ಹೆಚ್ಚಿದ ಮೇಲೆ ಐಸ್ ನೀರಲ್ಲಿ 5ರಿಂದ 10 ನಿಮಿಷ ಇಟ್ಟು, ನೀರು ಬಸಿದು, ಬಟ್ಟೆಯಲ್ಲಿ ಕೊಡವಿ. ಒದ್ದೆ ಎಳೆಗಳ ಮೇಲೆ ಮೀನಿಟ್ಟರೆ ಝುಕೆಯ ಸೋಯಾ ತೊಳೆದುಹೋಗುತ್ತದೆ.

ಪ್ರಶ್ನೆ: ಸಿಹಿ ವಿನೆಗರ್‌ನಲ್ಲಿ ಹಾಕಿಟ್ಟ ಮೂಲಂಗಿ ನಾಲ್ಕೈದು ದಿನಕ್ಕೆ ಹಳದಿಯಾಯಿತು, ಡಬ್ಬಿ ತೆರೆದರೆ ವಾಸನೆ. ಕೆಟ್ಟಿದೆಯೇ?

ಉತ್ತರ: ಹಳದಿ ಬಣ್ಣ ಸಹಜ. ಮೇಲೆ ಹೇಳಿದ ಖಾರದ ಅಂಶವೇ ನಿಧಾನವಾಗಿ ಒಡೆದು ಹಳದಿ ಬಣ್ಣ ಕೊಡುತ್ತದೆ. ಜಪಾನಿನ ‘ತಕುವಾನ್’ ಉಪ್ಪಿನಕಾಯಿಯ ಹಳದಿಗೂ ಮೂಲ ಇದೇ. ಗಂಧಕದ ವಾಸನೆಯೂ ಮೂಲಂಗಿಯದ್ದೇ, ಮುಚ್ಚಳ ತೆರೆದಿಟ್ಟರೆ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಲೋಳೆ, ಬೂಷ್ಟು ಕಂಡರೆ ಮಾತ್ರ ಎಸೆಯಿರಿ. ಟ್ಯೂನಾ ಜೊತೆ ತಿನ್ನಲು ಅದೇ ದಿನದ್ದು ಮೇಲು: 200 ಗ್ರಾಂ ತೆಳು ಬಿಲ್ಲೆಗೆ 4 ಗ್ರಾಂ ಉಪ್ಪು ಸವರಿ 15 ನಿಮಿಷ ಬಿಟ್ಟು, ಗಟ್ಟಿಯಾಗಿ ಹಿಂಡಿ, ಅನಂತರ 2 ದೊಡ್ಡ ಚಮಚ ಅಕ್ಕಿ ವಿನೆಗರ್, 1 ದೊಡ್ಡ ಚಮಚ ಸಕ್ಕರೆ ಬೆರೆಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತುರಿಯನ್ನು ಹಿಂಡಬಾರದು, ಉಪ್ಪು ಸವರಿದ ಬಿಲ್ಲೆಯನ್ನು ಹಿಂಡಲೇಬೇಕು. ಇಲ್ಲದಿದ್ದರೆ ವಿನೆಗರ್ ನೀರಾಗಿ ರುಚಿ ಕೆಡುತ್ತದೆ.

ಪ್ರಶ್ನೆ: ಮೀನಿನ ಕಟ್ಟಿಯ ಮೇಲೆ ಕುದಿಯುವ ನೀರು ಸುರಿದು ಆಮೇಲೆ ನೆನೆಸುವ ಪದ್ಧತಿ ಇದೆಯಂತೆ. ಯಾಕೆ?

ಉತ್ತರ: ಅದು ಹಳೆಯ ಎಡೋ ಪದ್ಧತಿ, ಮಾಡಿ ನೋಡಲೇಬೇಕಾದದ್ದು. 19ನೇ ಶತಮಾನದ ಎಡೋದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಫ್ರಿಜ್ ಇಲ್ಲದ ಕಾಲದಲ್ಲಿ ಟ್ಯೂನಾ ಬೇಗ ಕೆಡದಿರಲಿ ಎಂದು ಸುಶಿ ಮಾಡುವವರು ಅದನ್ನು ಸೋಯಾದಲ್ಲಿ ಅದ್ದಿಡುತ್ತಿದ್ದರು. ಕೊಬ್ಬಿರುವ ಹೊಟ್ಟೆಭಾಗ ಸೋಯಾ ಹೀರುವುದಿಲ್ಲ, ಬೇಗ ಹಳಸುತ್ತದೆ. ಈಗ ಅತಿ ಬೆಲೆಯ ಆ ‘ತೊರೊ’ವನ್ನು ಆಗ ಕೇಳುವವರಿರಲಿಲ್ಲ. ಝುಕೆಗೆ ಇಂದಿಗೂ ಕೊಬ್ಬಿಲ್ಲದ ಕೆಂಪು ಭಾಗ ‘ಅಕಾಮಿ’ಯೇ ಸರಿ.

ಇಡೀ ಕಟ್ಟಿಯನ್ನು ಜರಡಿಯ ಮೇಲಿಟ್ಟು ತೆಳು ಬಟ್ಟೆ ಹೊದಿಸಿ. ಕುದಿಯುವ ನೀರನ್ನು ಮೇಲಿನಿಂದ ಸಮನಾಗಿ ಸುರಿದು, ಮಗುಚಿ ಇನ್ನೊಂದು ಬದಿಗೂ ಸುರಿದು, ಮೈ ಬೆಳ್ಳಗಾದ ತಕ್ಷಣ ಐಸ್ ನೀರಿಗೆ ಹಾಕಿ. ಬಟ್ಟೆ ಯಾಕೆಂದರೆ ಬಿಸಿನೀರು ಒಂದೇ ಕಡೆ ಬಿದ್ದು ಮೀನು ಸೀಳದಿರಲಿ ಎಂದು. ತಣ್ಣಗಾದ ಕೂಡಲೇ ಎತ್ತಿ ಒರೆಸಿ. ಐಸ್ ನೀರಲ್ಲಿ ಮರೆತರೆ ಮೀನು ನೀರು ಕುಡಿಯುತ್ತದೆ. ಆಮೇಲೆ ಮೇಲಿನ ಅಳತೆಯ ರಸದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಒರೆಸಿ, ಹೋಳು ಮಾಡಿ. ಹೋಳಿನ ಹೊರ ಅಂಚು ಸೋಯಾ ಕುಡಿದು ಕಂದಾಗಿರುತ್ತದೆ, ಒಳಗೆ ತಿಳಿ ಕೆಂಪು, ಅಲ್ಲಿ ಮೀನಿನ ರುಚಿ ಹಾಗೇ ಇರುತ್ತದೆ. ಬೆಂದ ತೆಳು ಪದರ ರಸವನ್ನು ಹಿಡಿದಿಟ್ಟುಕೊಂಡು ಒಳಕ್ಕೆ ನಿಧಾನವಾಗಿ ಬಿಡುವುದರಿಂದ ಉಪ್ಪು ಹೆಚ್ಚಾಗುವ ಭಯ ಕಡಿಮೆ. ಇದರಿಂದ ಹಸಿ ಮೀನಿನ ಅಪಾಯ ಹೋಗುತ್ತದೆಂದು ಮಾತ್ರ ತಿಳಿಯಬೇಡಿ, ಒಳಭಾಗ ಹಸಿಯೇ.

ಪ್ರಶ್ನೆ: ನಾವು ಹಸಿ ಮೀನು ತಿನ್ನುವುದಿಲ್ಲ. ಇದೇ ರುಚಿಯಲ್ಲಿ ಬೇಯಿಸಿದ ಅಡುಗೆ ಹೇಳಿ. ಬಾಣಲೆಗೆ ಹಾಕಿದರೆ ಹೊರಗೆ ಸೀದು ಒಳಗೆ ಒಣಗುತ್ತದೆ.

ಉತ್ತರ: ಸೀಯುವುದು ಮಿರಿನ್, ಸಕ್ಕರೆಯಿಂದ. ನೆನೆಸಿದ ಮೀನನ್ನು ಒಲೆಗೆ ಹಾಕುವ ಮುನ್ನ ಪೂರ್ತಿ ಒರೆಸಬೇಕು. ಒಣಗುವುದು ಟ್ಯೂನಾದ ಸ್ವಭಾವ. ಕೊಬ್ಬಿಲ್ಲದ ಭಾಗವನ್ನು ಸುರಕ್ಷಿತವೆನ್ನುವ 63 ಡಿಗ್ರಿಗೆ ಬೇಯಿಸಿದರೆ ಬಿಗಿಯಾಗದೆ ಇರದು. ಆದ್ದರಿಂದ ಪೂರ್ತಿ ಬೇಯಿಸುವವರಿಗೆ ದಪ್ಪ ಸ್ಟೇಕ್ ಬದಲು ‘ತತ್ಸುತಾ’ ರೀತಿಯ ಕರಿದ ತುಂಡುಗಳನ್ನು ಸೂಚಿಸುತ್ತೇವೆ. 300 ಗ್ರಾಂ ಮೀನನ್ನು 3 ಸೆಂ.ಮೀ. ತುಂಡು ಮಾಡಿ, 2 ದೊಡ್ಡ ಚಮಚ ಸೋಯಾ, 1 ದೊಡ್ಡ ಚಮಚ ಸಾಕೆ ಅಥವಾ ನೀರು, 1 ಸಣ್ಣ ಚಮಚ ಶುಂಠಿ ರಸದಲ್ಲಿ 15 ನಿಮಿಷ ನೆನೆಸಿ. ಒರೆಸಿ, ಆಲೂಗಡ್ಡೆ ಪಿಷ್ಟದಲ್ಲಿ ಹೊರಳಿಸಿ, ಹೆಚ್ಚಿನದನ್ನು ಕೊಡವಿ, 170 ಡಿಗ್ರಿ ಎಣ್ಣೆಯಲ್ಲಿ ಮೂರು ನಿಮಿಷದ ಸುಮಾರು ಕರಿಯಿರಿ. ಒಂದು ತುಂಡು ಮುರಿದು ಒಳಗೆ ಬೆಂದಿದೆಯೇ ನೋಡಿ. ಪಿಷ್ಟದ ಪದರ ತೇವವನ್ನು ಒಳಗೇ ಹಿಡಿಯುತ್ತದೆ. ಮೇಲೆ ಬಸಿದ ಮೂಲಂಗಿ ತುರಿ, ಪೊನ್ಝು ಹಾಕಿ ಕೂಡಲೇ ತಿನ್ನಿ.

ಇನ್ನೊಂದು, ಮೂಲಂಗಿ ಜೊತೆ ಕುದಿಸುವುದು. ಕತ್ತಿನ ಭಾಗ, ಹೊಟ್ಟೆಭಾಗ, ಮೂಳೆಯ ಪಕ್ಕದ ನರವಿರುವ ಮಾಂಸ ಇದಕ್ಕೆ ಸರಿ. ಅಕಾಮಿ ಹಾಕಿದರೆ ಹೊಟ್ಟಾಗುತ್ತದೆ. 600 ಗ್ರಾಂ ಮೂಲಂಗಿಯ ಸಿಪ್ಪೆಯನ್ನು 3–4 ಮಿ.ಮೀ. ದಪ್ಪಕ್ಕೆ ತೆಗೆಯಿರಿ, ಯಾಕೆಂದರೆ ಸಿಪ್ಪೆಯ ಕೆಳಗೆ ಇರುವ ನಾರಿನ ಪದರ ಎಷ್ಟು ಬೇಯಿಸಿದರೂ ಬಾಯಿಗೆ ಸಿಗುತ್ತದೆ. 2.5 ಸೆಂ.ಮೀ. ದಪ್ಪದ ಅರ್ಧಚಂದ್ರ ಮಾಡಿ, ಅಕ್ಕಿ ತೊಳೆದ ನೀರಲ್ಲಿ 15ರಿಂದ 20 ನಿಮಿಷ ಕುದಿಸಿ. ಕಡ್ಡಿ ಸಲೀಸಾಗಿ ಇಳಿಯಬೇಕು. 400 ಗ್ರಾಂ ಮೀನಿನ ಮೇಲೆ ಬಿಸಿನೀರು ಸುರಿದು, ತಣ್ಣೀರಲ್ಲಿ ರಕ್ತದ ಗಡ್ಡೆ, ಪೊರೆ ತೊಳೆಯಿರಿ. ನೀಚುವಾಸನೆ ಇಲ್ಲೇ ಹೋಗಬೇಕು, ಮಸಾಲೆಯಿಂದ ಮುಚ್ಚಲು ಆಗದು. 400 ಎಂ.ಎಲ್. ನೀರು, 100 ಎಂ.ಎಲ್. ಸಾಕೆ, 2 ದೊಡ್ಡ ಚಮಚ ಸಕ್ಕರೆ, 2 ಮಿರಿನ್, ಐದಾರು ಶುಂಠಿ ಬಿಲ್ಲೆ ಹಾಕಿ ಮೂಲಂಗಿಯನ್ನು 10 ನಿಮಿಷ ಕುದಿಸಿ. ಆಮೇಲೆ ಮೀನು ಮತ್ತು 3 ದೊಡ್ಡ ಚಮಚ ಸೋಯಾ. ಸೋಯಾ ಮೊದಲೇ ಹಾಕಿದರೆ ಸಿಹಿ ಮೂಲಂಗಿಯೊಳಗೆ ಇಳಿಯುವುದು ಕಷ್ಟ. ಪಾತ್ರೆಗಿಂತ ಚಿಕ್ಕ ಮುಚ್ಚಳವನ್ನು ನೇರ ಅಡುಗೆಯ ಮೇಲೆಯೇ ಕೂರಿಸಿ 10–12 ನಿಮಿಷ ಬೇಯಿಸಿ, ಒಲೆ ಆರಿಸಿ ಅರ್ಧ ಗಂಟೆ ಮುಟ್ಟದೆ ಬಿಡಿ. ಮೂಲಂಗಿ ರಸ ಚೆನ್ನಾಗಿ ಎಳೆದುಕೊಳ್ಳುವುದು ಆರುವಾಗಲೇ.

ಪ್ರಶ್ನೆ: ನೆನೆಸಿ ಉಳಿದ ರಸವನ್ನು ಮತ್ತೆ ಬಳಸಬಹುದೇ?

ಉತ್ತರ: ಹಸಿ ಮೀನಿಗೆ ಎರಡನೇ ಸಲ ಬೇಡ. ಅದೇ ದಿನ ಚೆನ್ನಾಗಿ ಕುದಿಸಿ, ನೊರೆ ತೆಗೆದು, ಮೇಲಿನ ಮೂಲಂಗಿ ಅಡುಗೆಗೆ ಸೋಯಾ ಬದಲು ಹಾಕಿಕೊಳ್ಳಬಹುದು.

ಪ್ರಶ್ನೆ: ಅನ್ನದ ಮೇಲೆ ಝುಕೆ ಬಡಿಸಿದಾಗ ಮೀನು ಬಿಸಿಗೆ ಅರೆಬೆಂದಂತಾಗುತ್ತದೆ. ಬಟ್ಟಲು ಜೋಡಿಸುವ ಕ್ರಮ ಹೇಗೆ?

ಉತ್ತರ: ಅನ್ನ ಮೈಬಿಸಿಗೆ ಇಳಿಯುವವರೆಗೆ ಕಾಯಿರಿ, ಅಂದರೆ ಹೆಚ್ಚೆಂದರೆ 37 ಡಿಗ್ರಿ. ಫ್ರಿಜ್‌ನ ಅನ್ನವೂ ಬೇಡ, ಅದು ಗಟ್ಟಿಯಾಗಿ ಮೀನಿನ ಮೆದುತನದ ಜೊತೆ ಹೊಂದುವುದಿಲ್ಲ. 300 ಗ್ರಾಂ ಅಕ್ಕಿಯ ಅನ್ನಕ್ಕೆ 3 ದೊಡ್ಡ ಚಮಚ ಅಕ್ಕಿ ವಿನೆಗರ್, ಒಂದೂವರೆ ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಸುಶಿಗೆ ಹಾಕುವಷ್ಟು ಉಪ್ಪು ಇಲ್ಲಿ ಬೇಡ, ಮೀನಿನಲ್ಲಿ ಸೋಯಾ ಇದೆಯಲ್ಲ. ಒಬ್ಬರಿಗೆ 200 ಗ್ರಾಂ ಅನ್ನ, 100 ಗ್ರಾಂ ಮೀನು, ಬಸಿದ ಮೂಲಂಗಿ ತುರಿ 2 ದೊಡ್ಡ ಚಮಚ. ಅನ್ನದ ಮೇಲೆ ಮೊದಲು ನೋರಿ (ಒಣಗಿಸಿದ ಕಡಲಪಾಚಿ ಹಾಳೆ) ಚೂರು, ಅದರ ಮೇಲೆ ಒರೆಸಿದ ಮೀನು; ನಡುವೆ ನೋರಿಯಿದ್ದರೆ ಅನ್ನದ ಬಿಸಿ ನೇರ ತಾಗುವುದಿಲ್ಲ. ಮೂಲಂಗಿಯನ್ನು ಬದಿಯಲ್ಲಿ ಗುಡ್ಡೆಯಾಗಿಡಿ, ಮೀನಿನ ಮೇಲೆ ಹರಡಬೇಡಿ. ಹುರಿದ ಎಳ್ಳು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಕೊನೆಗೆ. ಘಾಟಿನ ಜಪಾನಿ ಗಡ್ಡೆಯ ಅರೆಪಾದ ವಸಾಬಿಯನ್ನು ರಸಕ್ಕೆ ಕಲಸದೆ ಮೀನಿನ ಮೇಲೆ ಚೂರೇ ಚೂರು ಇಟ್ಟುಕೊಂಡು ತಿನ್ನಿ, ಅದರ ಘಾಟು ಗಾಳಿಗೆ ಬೇಗ ಹಾರಿಹೋಗುವಂಥದ್ದು.